ಕಿರುಚದೆ ಹೋದ ತರಗತಿ

ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಕಾಲಿಟ್ಟ ಮಕ್ಕಳು ಮೊದಲ ದಿನವೇ ಕೇಳುತ್ತಿದ್ದ ಪ್ರಶ್ನೆ ಒಂದೇ: "ದೆವ್ವದ ಪಾಠ ಯಾವಾಗ?" ಪಾಠದ ಹೆಸರು 'ಸೂರಿಲ್ಲದ ಮನೆ'. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲದ, ಅಜ್ಜನ ಅಜ್ಜನ ಕಾಲದ ಕಥೆ. ಅದನ್ನು ಕಲಿಸುತ್ತಿದ್ದ ಭಾಷಾ ಟೀಚರಿಗೆ ಮಕ್ಕಳು ಬೆನ್ನ ಹಿಂದೆ 'ದೆವ್ವದ ಟೀಚರ್' ಅನ್ನುತ್ತಿದ್ದರು. ಬೇರೆ ಯಾರೇ ಆಗಿದ್ದರೂ ಸಿಟ್ಟಾಗುತ್ತಿದ್ದರು. ಆಕೆ ಮಾತ್ರ ಆ ಹೆಸರನ್ನು ಬಿರುದಿನ ಹಾಗೆ ಹೊತ್ತು ಓಡಾಡುತ್ತಿದ್ದರು.

ನಾನು ಅದೇ ಶಾಲೆಯ ಲೆಕ್ಕದ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ನನ್ನ ಮೇಜು ಆಕೆಯ ಪಕ್ಕದ್ದು. ನನ್ನ ತರಗತಿಯಲ್ಲಿ ಮಕ್ಕಳು ಬಾಯಿ ಬಿಡುತ್ತಿದ್ದದ್ದು ಆಕಳಿಸಲಿಕ್ಕೆ. ಹಾಗಾಗಿ ಆಕೆಯ ತರಗತಿಯಿಂದ ಪ್ರತಿ ವರ್ಷ ಏಳುತ್ತಿದ್ದ ಕಿರುಚಾಟದ ಬೆಲೆ ನನಗೆ ಚೆನ್ನಾಗಿ ಗೊತ್ತು.

ಕಥೆ ಇಷ್ಟೇ. ಒಬ್ಬ ಬಟ್ಟೆ ವ್ಯಾಪಾರಿ ಕತ್ತಲಾದ ಮೇಲೆ ಊರ ಹೊರಗಿನ ಮನೆಯೊಂದರಲ್ಲಿ ತಂಗುತ್ತಾನೆ. ಮನೆಯಲ್ಲಿರುವುದು ಒಬ್ಬ ಅಜ್ಜಿ. ಅವಳು ಅವನಿಗೆ ನೀರು ಕೊಟ್ಟು ಕೇಳುತ್ತಾಳೆ, "ಬಾಗಿಲು ಹಾಕಿದ್ದೀಯಾ, ಮಗೂ?" ಹಾಸಿಗೆ ಹಾಸಿಕೊಟ್ಟು ಮತ್ತೆ ಅದನ್ನೇ ಕೇಳುತ್ತಾಳೆ. ನಡುರಾತ್ರಿ ಅವನಿಗೆ ಎಚ್ಚರವಾಗಿ ನೋಡಿದರೆ ತಲೆಯ ಮೇಲೆ ನಕ್ಷತ್ರ. ಮನೆಗೆ ಸೂರೇ ಇಲ್ಲ! ಆಗ ಕಿವಿಯ ಹತ್ತಿರವೇ ಆ ದನಿ ಮೂರನೇ ಸಲ ಕೇಳುತ್ತದೆ.

ಆ ಮೂರನೇ ಸಲಕ್ಕಾಗಿ ಟೀಚರ್ ಏನೆಲ್ಲ ಮಾಡುತ್ತಿದ್ದರು! ಕಿಟಕಿ ಮುಚ್ಚಿಸುತ್ತಿದ್ದರು. ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಬೆಂಚುಗಳ ನಡುವೆ ಓಡಾಡುತ್ತಾ ಕಥೆ ಹೇಳುತ್ತಿದ್ದರು. ದನಿ ಇಳಿಸುತ್ತಾ ಇಳಿಸುತ್ತಾ, ಎಲ್ಲರೂ ಕಪ್ಪುಹಲಗೆಯ ಕಡೆ ನೋಡುತ್ತಿರುವಾಗ ಹಿಂದಿನ ಬೆಂಚಿನ ಯಾವುದಾದರೂ ಕಿವಿಗೆ ಬಾಯಿಟ್ಟು ಆ ಪ್ರಶ್ನೆ ಕೇಳುತ್ತಿದ್ದರು. ಇಡೀ ತರಗತಿ ಕಿರುಚುತ್ತಿತ್ತು. ಹಳೆಯ ವಿದ್ಯಾರ್ಥಿಗಳು, ಈಗ ಬಸ್ ಕಂಡಕ್ಟರುಗಳು, ಆಸ್ಪತ್ರೆಯ ನರ್ಸುಗಳು, ದಾರಿಯಲ್ಲಿ ಸಿಕ್ಕರೆ ನಮಸ್ಕಾರಕ್ಕೆ ಬದಲು "ಬಾಗಿಲು ಹಾಕಿದ್ದೀರಾ, ಟೀಚರ್?" ಅನ್ನುತ್ತಿದ್ದರು. ಹಾಗೆ ಯಾರಾದರೂ ಸಿಕ್ಕ ದಿನವಿಡೀ ಆಕೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಆಕೆಯ ತಂಗಿ ನಮ್ಮ ಶಾಲೆಗೇ ಇತಿಹಾಸದ ಟೀಚರಾಗಿ ಬಂದಳು.

ಒಂದೇ ಸ್ಟಾಫ್ ರೂಮಿನಲ್ಲಿ ಅಕ್ಕ ತಂಗಿ. ಒಂದು ವಾರದೊಳಗೆ ದೆವ್ವದ ಟೀಚರ್ ಅನ್ನುವ ಹೆಸರು ಹೋಗಿ 'ದೊಡ್ಡ ಟೀಚರ್', 'ಚಿಕ್ಕ ಟೀಚರ್' ಅನ್ನುವ ಹೆಸರುಗಳು ಹುಟ್ಟಿಕೊಂಡವು. ಅದು ಮೊದಲ ಉರಿ. "ದೊಡ್ಡ ಅಂತೆ! ನನ್ನ ತಲೆ ಏನು ಬೆಳ್ಳಗಾಗಿದೆಯಾ ಮೇಷ್ಟ್ರೇ?" ಎಂದು ನನ್ನನ್ನು ಕೇಳಿದರು. ನಾನು ತಲೆಯ ಕಡೆ ನೋಡದೆ "ಇಲ್ಲಪ್ಪಾ" ಅಂದೆ.

ಅವರಿಬ್ಬರ ನಡುವಿನ ಹಳೆಯ ಲೆಕ್ಕ ನನಗೆ ನಿಧಾನವಾಗಿ ತಿಳಿಯಿತು. ಅಪ್ಪ ಹಾಸಿಗೆ ಹಿಡಿದಾಗ ಅಕ್ಕ ಓದು ನಿಲ್ಲಿಸಿ ಕೆಲಸಕ್ಕೆ ಸೇರಿದವರು. ತಂಗಿ ಓದಿದಳು, ಇನ್ನೂ ಓದಿದಳು, ಹಳೆಯ ಕಾಲದ ಸಾಂಕ್ರಾಮಿಕ ರೋಗಗಳ ಬಗ್ಗೆ ಸಂಶೋಧನೆ ಮಾಡುವಷ್ಟು ಓದಿದಳು. 'ಸೂರಿಲ್ಲದ ಮನೆ'ಯನ್ನು ತಂಗಿಗೆ ಮೊದಲು ಹೇಳಿದ್ದೂ ಅಕ್ಕನೇ, ಚಿಕ್ಕಂದಿನಲ್ಲಿ ಒಂದೇ ಹೊದಿಕೆಯೊಳಗೆ ಮಲಗಿ. ನಿನಗೋಸ್ಕರ ನಾನು ಓದು ಬಿಟ್ಟೆ ಅಂತ ಅಕ್ಕ ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಮರೆತವರೂ ಅಲ್ಲ.

ಚಿಕ್ಕ ಟೀಚರಿಗೆ ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲೇ ಇದ್ದಳು. ಅಕ್ಕನ ಗಂಡನದು ಕನ್ನಡಕದ ಅಂಗಡಿ. ಊಟದ ಹೊತ್ತಿಗೆ ಭಾವ ನಾದಿನಿ ಇಬ್ಬರೂ ರೋಗ, ಲಸಿಕೆ, ಹಳೆಯ ಆಸ್ಪತ್ರೆ ಅಂತ ಮಾತಿಗೆ ಕೂತರೆ ತಟ್ಟೆ ಒಣಗಿದರೂ ಏಳುತ್ತಿರಲಿಲ್ಲವಂತೆ. "ಮದುವೆಯಾದಾಗಿಂದ ಈ ಮನುಷ್ಯ ನನ್ನ ದೆವ್ವದ ಕಥೆ ಒಂದು ಸಲ ಪೂರ್ತಿ ಕೇಳಿಲ್ಲ. ಅಜ್ಜಿ ನೀರು ಕೊಡೋಷ್ಟರಲ್ಲಿ ಗೊರಕೆ! ಅವಳು ಸತ್ತವರ ಲೆಕ್ಕ ಹೇಳಿದ್ರೆ ಮಾತ್ರ ಕಣ್ಣು ಇಷ್ಟಗಲ ಬಿಟ್ಕೊಂಡು ಕೇಳ್ತಾರೆ," ಎಂದು ದೊಡ್ಡ ಟೀಚರ್ ನನ್ನ ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬಿ ಕುಕ್ಕಿದರು.

ಆ ವರ್ಷ ಹೆಡ್ ಮೇಡಂಗೆ ಒಂದು ಹೊಸ ಯೋಚನೆ ಬಂತು. ದೆವ್ವದ ಪಾಠವನ್ನು ಇಬ್ಬರೂ ಸೇರಿ ಮಾಡಬೇಕು. "ಕಥೆ ನೀವು ಹೇಳಿ. ಆ ಕಥೆ ಎಂಥ ಕಾಲದಲ್ಲಿ ಹುಟ್ಟಿತು ಅನ್ನೋದನ್ನ ನಿಮ್ಮ ತಂಗಿ ಹೇಳ್ಲಿ. ಮನೆಯಲ್ಲೇ ಇಬ್ಬರೂ ಇದ್ದೀರಿ, ಎಷ್ಟು ಅನುಕೂಲ!"

ದೊಡ್ಡ ಟೀಚರ್ ನಕ್ಕರು. ನಗು ತುಟಿಯಿಂದ ಮೇಲೆ ಹೋಗಲಿಲ್ಲ. ಚಿಕ್ಕ ಟೀಚರ್ ಮಾತ್ರ ಹಬ್ಬದ ಬಟ್ಟೆ ಸಿಕ್ಕ ಮಗುವಿನ ಹಾಗೆ, "ಅಕ್ಕಾ, ನಾವಿಬ್ಬರೂ ಒಂದೇ ಪಾಠ! ನೀನು ಹೇಳಿ ಮುಗಿಸಿದ ಮೇಲೆ ನಾನು ಬರ್ತೀನಿ," ಅಂದಳು.

ಎ ಸೆಕ್ಷನ್ನಿನಲ್ಲಿ ಹಾಗೇ ಆಯಿತು. ಅಕ್ಕ ಕಥೆ ಹೇಳಿದರು, ತರಗತಿ ಕಿರುಚಿತು, ಪಕ್ಕದ ಕೋಣೆಯಲ್ಲಿ ನನ್ನ ಮಕ್ಕಳು ಸಮೀಕರಣ ಬಿಟ್ಟು ನಕ್ಕರು. ಮರುದಿನ ತಂಗಿಯ ಸರದಿ. ಆ ಪೀರಿಯಡ್ ನನಗೆ ಬಿಡುವಿದ್ದದ್ದರಿಂದ ನಾನು ಹಿಂದೆ ಹೋಗಿ ಕೂತೆ.

ಅವಳ ದನಿ ಸಣ್ಣದು. ಕಿಟಕಿ ಮುಚ್ಚಿಸಲಿಲ್ಲ. ಬಂದವಳೇ, "ಈ ತಿಂಗಳು ನಿಮ್ಮಲ್ಲಿ ಯಾರ ಮನೇಲಿ ಯಾರಿಗಾದ್ರೂ ಜ್ವರ ಬಂದಿತ್ತು? ಎದ್ದು ನಿಲ್ಲಿ," ಅಂದಳು. ಅರ್ಧ ತರಗತಿ ನಗುತ್ತಾ ಎದ್ದಿತು.

"ಆ ಕಾಲವಾಗಿದ್ರೆ ಇವತ್ತು ಸಂಜೆಯೊಳಗೆ ನಿಮ್ಮನ್ನೆಲ್ಲ ಮನೆಯಿಂದ ಕರ್ಕೊಂಡು ಹೋಗ್ತಿದ್ರು," ಅಂದಳು. ನಗು ನಿಂತಿತು.

ಮತ್ತೆ ಅವಳು ನಿಧಾನವಾಗಿ ಹೇಳುತ್ತಾ ಹೋದಳು. ಊರಿಗೆ ಊರನ್ನೇ ಮಲಗಿಸಿದ ಒಂದು ಜ್ವರ. ಕತ್ತಲು, ಥಂಡಿ ಇದ್ದಲ್ಲಿ ರೋಗ ಅಡಗಿರುತ್ತದೆ ಎಂದು ನಂಬಿದ್ದ ಅಧಿಕಾರಿಗಳು. ಬಿಸಿಲು ಒಳಗೆ ಬರಲಿ ಎಂದು ಕಾಯಿಲೆಯವರ ಮನೆಯ ಹೆಂಚು ಇಳಿಸುತ್ತಿದ್ದರು. ಮನೆಯವರನ್ನು ಊರಾಚೆಯ ಶೆಡ್ಡುಗಳಿಗೆ ಸಾಗಿಸುತ್ತಿದ್ದರು. ಹೋದವರಲ್ಲಿ ತುಂಬಾ ಜನ ವಾಪಸು ಬರಲಿಲ್ಲ. "ಅಧಿಕಾರಿಗಳು ರಾಕ್ಷಸರಲ್ಲ. ಅವರಿಗೂ ಭಯ. ಆದ್ರೆ ತಾಯಂದಿರು ಏನು ಮಾಡ್ತಿದ್ರು ಗೊತ್ತಾ? ಜ್ವರ ಬಂದ ಮಗುವನ್ನ ಒಳಕೋಣೆಯಲ್ಲಿ ಬಚ್ಚಿಟ್ಟು ಚಿಲಕ ಹಾಕ್ಕೊಂಡು ಕೂರ್ತಿದ್ರು. ಬೀದಿಯಲ್ಲಿ ಬೂಟಿನ ಸದ್ದಾದ್ರೆ ಸಾಕು, ಮನೆಯವರನ್ನೆಲ್ಲ ಕೇಳ್ತಿದ್ರು. ಏನಂತ ಕೇಳ್ತಿದ್ರು?"

ಎಲ್ಲರಿಗೂ ಉತ್ತರ ಗೊತ್ತಿತ್ತು. ಮುಂದಿನ ಬೆಂಚಿನ ಹುಡುಗನೊಬ್ಬ ಮೂಗು ಒರೆಸಿಕೊಂಡ. ನಾನೂ ಕನ್ನಡಕ ತೆಗೆದು ಒರೆಸಿದೆ, ಸುಳ್ಳು ಯಾಕೆ ಹೇಳಲಿ.

ಅವತ್ತು ಮಧ್ಯಾಹ್ನ ಎ ಸೆಕ್ಷನ್ನಿನ ಮಕ್ಕಳು ಚಿಕ್ಕ ಟೀಚರ್ ಮೇಜನ್ನು ಮುತ್ತಿದರು. ಊಟದ ಡಬ್ಬಿ ಬಿಚ್ಚಲೂ ಬಿಡದೆ ಪ್ರಶ್ನೆ ಮೇಲೆ ಪ್ರಶ್ನೆ. ಪಕ್ಕದಲ್ಲೇ ಇದ್ದ ದೊಡ್ಡ ಟೀಚರ್ ತಲೆ ಎತ್ತದೆ ತಿದ್ದುತ್ತಿದ್ದರು. ಕೆಂಪು ಪೆನ್ನು ಕಾಗದವನ್ನು ಹರಿದೇ ಬಿಡುತ್ತದೇನೋ ಅನ್ನುವ ಹಾಗಿತ್ತು. "ಕಥೆ ಕೇಳಿದ ಮೇಲೆ ನನ್ನ ಹತ್ತಿರ ಯಾರೂ ಏನೂ ಕೇಳಿರಲಿಲ್ಲ," ಎಂದು ಮುಂದೊಂದು ದಿನ ನನ್ನ ಹತ್ತಿರ ಹೇಳಿದರು. "ಕಿರುಚ್ತಾ ಇದ್ರು, ನಗ್ತಾ ಇದ್ರು, ಹೋಗ್ತಾ ಇದ್ರು. ಅದೇ ದೊಡ್ಡದು ಅಂದ್ಕೊಂಡಿದ್ದೆ."

ಬಿ ಸೆಕ್ಷನ್ನಿನಲ್ಲಿ ಟೈಮ್‌ಟೇಬಲ್ ಎಡವಟ್ಟಾಗಿ ಸರದಿ ಅದಲುಬದಲಾಯಿತು. ಮೊದಲು ತಂಗಿಯ ಇತಿಹಾಸ, ಆಮೇಲೆ ಅಕ್ಕನ ಕಥೆ.

ದೊಡ್ಡ ಟೀಚರ್ ಅವತ್ತು ಹಟ ತೊಟ್ಟವರ ಹಾಗೆ ಹೋದರು. ಕಿಟಕಿ ಮುಚ್ಚಿಸಿದರು, ಚಪ್ಪಲಿ ಬಿಟ್ಟರು. ಹಿಂದೆಂದೂ ಹೇಳದಷ್ಟು ಚೆನ್ನಾಗಿ ಹೇಳಿದರಂತೆ. ಹಿಂದಿನ ಬೆಂಚಿನಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಕೂತಿದ್ದಳು. ಅವಳ ಕಿವಿಯ ಹತ್ತಿರ ಬಗ್ಗಿ, ಉಸಿರು ತಾಗುವ ಹಾಗೆ ಕೇಳಿದರು, "ಬಾಗಿಲು ಹಾಕಿದ್ದೀಯಾ, ಮಗೂ?"

ಯಾರೂ ಕಿರುಚಲಿಲ್ಲ.

ಆ ಹುಡುಗಿ ತಿರುಗಿಯೂ ನೋಡದೆ, ಮನೆಯ ಅಜ್ಜಿಗೆ ಸಮಾಧಾನ ಹೇಳುವವಳ ಹಾಗೆ ಮೆಲ್ಲಗೆ, "ಹಾಕಿದ್ದೀನಿ ಅಜ್ಜೀ. ಯಾರೂ ಬರಲ್ಲ, ಮಲಕ್ಕೋ," ಅಂದಳು.

ದೊಡ್ಡ ಟೀಚರ್ ಗಂಟೆ ಹೊಡೆಯುವ ಮೊದಲೇ ಸ್ಟಾಫ್ ರೂಮಿಗೆ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ತರಗತಿಯಲ್ಲೇ ಬಿಟ್ಟು ಬಂದಿದ್ದರು. ನೇರ ತಂಗಿಯ ಮೇಜಿಗೆ ಹೋಗಿ, "ನೀನೇ ಹೇಳಿಕೊಟ್ಟಿದ್ದಲ್ವಾ ಅವಳಿಗೆ?" ಅಂದರು.

"ಯಾರಿಗೆ ಅಕ್ಕಾ? ಏನನ್ನ?"

ನಡೆದದ್ದನ್ನು ದೊಡ್ಡ ಟೀಚರ್ ಹಲ್ಲು ಕಚ್ಚಿಕೊಂಡು ಹೇಳಿದರು. ಕೇಳುತ್ತಾ ಕೇಳುತ್ತಾ ಚಿಕ್ಕ ಟೀಚರ್ ಕಣ್ಣು ತುಂಬಿ ಬಂತು. "ಹಾಗಂದ್ಲಾ? ನಿಜವಾಗ್ಲೂ ಹಾಗೇ ಅಂದ್ಲಾ ಅಕ್ಕಾ?" ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅಕ್ಕನೂ ನೋಡಿದರು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ.

ಮರುದಿನ ನೋಟಿಸ್ ಬೋರ್ಡಿನಲ್ಲಿ ಹೊಸ ಚೀಟಿ ಕಾಣಿಸಿತು. ಒಂಬತ್ತನೇ ತರಗತಿಯನ್ನು ಚಿಕ್ಕ ಟೀಚರ್ ಶನಿವಾರ ಊರಾಚೆಗೆ, ಆ ಶೆಡ್ಡುಗಳಿದ್ದ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಮಕ್ಕಳು ಅದರ ಮುಂದೆ ಕುಣಿಯುತ್ತಿದ್ದರು. ದೊಡ್ಡ ಟೀಚರ್ ಸ್ವಲ್ಪ ಹೊತ್ತು ನಿಂತು ಓದಿದರು. ಆಮೇಲೆ ಸೀದಾ ಹೆಡ್ ಮೇಡಂ ಕೋಣೆಗೆ ಹೋದರು.

"ಗೇಟ್ ಹತ್ರ ಕೆಲವು ತಾಯಂದಿರು ನನ್ನ ಹಿಡ್ಕೊಂಡ್ರು ಮೇಡಂ. ಮಕ್ಕಳು ನಿದ್ದೆ ಮಾಡ್ತಿಲ್ವಂತೆ. ರೋಗ, ಸಾವು ಅಂತ ಬಡಬಡಿಸ್ತಾರಂತೆ. ಈಗ ಆ ಜಾಗಕ್ಕೂ ಕರ್ಕೊಂಡು ಹೋದ್ರೆ ನಮ್ಮ ಮೇಲೆ ಬರುತ್ತೆ," ಅಂದರು. ಯಾವ ತಾಯಿಯೂ ಏನೂ ಹೇಳಿರಲಿಲ್ಲ.

ನಮ್ಮ ಹೆಡ್ ಮೇಡಂ ದೆವ್ವಕ್ಕೆ ಹೆದರುವವರಲ್ಲ, ಪೋಷಕರಿಗೆ ಹೆದರುವವರು. ಮಧ್ಯಾಹ್ನದೊಳಗೆ ಚೀಟಿ ಬೋರ್ಡಿನಿಂದ ಇಳಿಯಿತು. ದೊಡ್ಡ ಟೀಚರ್ ಅವತ್ತು ನನಗೆ ಚಹಾ ತರಿಸಿಕೊಟ್ಟರು. ನಾನು ಏನೂ ತಿಳಿಯದೆ ಕುಡಿದೆ.

ಆದರೆ ಹೆಡ್ ಮೇಡಂ ಅಷ್ಟಕ್ಕೇ ನಿಲ್ಲಿಸಲಿಲ್ಲ. ಸೋಮವಾರ ಎಲ್ಲ ತರಗತಿಗೂ ಸುತ್ತೋಲೆ ಬಂತು: 'ಸೂರಿಲ್ಲದ ಮನೆ' ಪಾಠವನ್ನು ಇನ್ನು ಮುಂದೆ ಮಾಡಬಾರದು, ಪರೀಕ್ಷೆಗೂ ಕೇಳಬಾರದು. ಮಕ್ಕಳು ಹೆದರುವುದೇ ಆದರೆ ಹೆದರಿಸುವ ಪಾಠವೇ ಯಾಕೆ ಬೇಕು? ಸಿ ಸೆಕ್ಷನ್ನಿನ ಮಕ್ಕಳಿಗೆ ಕಥೆ ಇನ್ನೂ ಆಗಿರಲಿಲ್ಲ. ಸುತ್ತೋಲೆಗೆ ಸಹಿ ಹಾಕುವಾಗ ದೊಡ್ಡ ಟೀಚರ್ ಮುಖ ಸುಣ್ಣದ ಗೋಡೆಯಾಗಿತ್ತು.

ಅವತ್ತೇ ಹಾಜರಿ ಪುಸ್ತಕ ಇಡಲು ಹೋದ ದೊಡ್ಡ ಟೀಚರಿಗೆ ಹೆಡ್ ಮೇಡಂ ಕೋಣೆಯೊಳಗಿಂದ ತಂಗಿಯ ದನಿ ಕೇಳಿಸಿತು. ಬಾಗಿಲ ಹೊರಗೇ ನಿಂತರು.

"ಬೇಕಾದ್ರೆ ನನ್ನ ಇತಿಹಾಸ ಬಿಡ್ತೀನಿ ಮೇಡಂ. ಅಕ್ಕನ ಪಾಠ ಮಾತ್ರ ನಿಲ್ಲಿಸ್ಬೇಡಿ. ಈ ಶಾಲೆ ಬಿಟ್ಟು ಹೋದ ಮಕ್ಕಳು ನಾವು ಕಲಿಸಿದ್ದೆಲ್ಲ ಮರೀತಾರೆ. ಅವಳ ಕಥೆ ಮರೆಯಲ್ಲ. ನಾನು ಇತಿಹಾಸ ಓದೋದಕ್ಕೆ ಹೋಗಿದ್ದೇ ಆ ಕಥೆ ಕೇಳಿ."

ಇದನ್ನು ಕೇಳಿ ಅಕ್ಕನ ಮನಸ್ಸು ಕರಗಿತು ಎಂದು ನೀವು ಅಂದುಕೊಳ್ಳಬಹುದು. ಇಲ್ಲ. ಮೈಯೆಲ್ಲ ಉರಿದುಹೋಯಿತಂತೆ. "ಒಳ್ಳೆಯವಳಾಗೋದ್ರಲ್ಲೂ ಅವಳೇ ಮುಂದೆ! ಅದನ್ನೂ ನನಗೆ ಬಿಡ್ಲಿಲ್ಲ ಅನ್ನಿಸ್ತು ಮೇಷ್ಟ್ರೇ," ಅಂದರು. ಆ ವಾರವಿಡೀ ಮನೆಯಲ್ಲಿ ಮಾತು ಆಡಲಿಲ್ಲ. ನುಂಗಲೂ ಆಗದು, ಉಗುಳಲೂ ಆಗದು.

ಭಾನುವಾರ ಬೆಳಿಗ್ಗೆ ಇಬ್ಬರೂ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಒಂದು ದೊಡ್ಡ ಹೊದಿಕೆಯ ಎರಡು ತುದಿ ಹಿಡಿದು ಹಿಂಡುತ್ತಿರುವಾಗ ಅಕ್ಕ ಇದ್ದಕ್ಕಿದ್ದ ಹಾಗೆ, "ಯಾವ ತಾಯಂದಿರೂ ದೂರು ಕೊಟ್ಟಿಲ್ಲ. ನಾನೇ ಸುಳ್ಳು ಹೇಳಿದ್ದು," ಅಂದರು.

ತಂಗಿ ಹಿಂಡುವುದನ್ನು ನಿಲ್ಲಿಸಿದಳು. "ಯಾಕೆ?"

"ಹೊಟ್ಟೆಕಿಚ್ಚು. ಇನ್ನೇನು? ಮಕ್ಕಳು ಕಿರುಚೋದನ್ನ ನೀನು ಕಿತ್ಕೊಂಡೆ."

ತಂಗಿ ಕೈಬಿಟ್ಟಳು. ಹೊದಿಕೆ ಧೂಳಿಗೆ ಬಿತ್ತು. "ನಾನು ಕಿತ್ಕೊಂಡ್ನಾ? ನಿನಗೆ ಗೊತ್ತಾ ಅಕ್ಕಾ, ನನ್ನ ತರಗತೀಲಿ ಹಿಂದಿನ ಸಾಲಿಗೆ ನನ್ನ ದನಿಯೇ ಕೇಳಲ್ಲ. 'ನಿಮ್ಮಕ್ಕನ ಹಾಗೆ ಹೇಳಿ ಟೀಚರ್' ಅಂತಾರೆ. ಹುಟ್ಟಿದಾಗಿಂದ ನಾನು ನಿನ್ನ ತಂಗಿ. ಅಪ್ಪನಿಗೂ ಕೊನೆಗಾಲದಲ್ಲಿ ನೀನು ಓದಿ ಹೇಳಿದ್ರೇನೇ ಆಗ್ಬೇಕಿತ್ತು. ನಾನು ಪುಸ್ತಕ ತಗೊಂಡ್ರೆ ಗೋಡೆ ಕಡೆ ತಿರುಗ್ತಿದ್ರು. ನಾನು ಯಾರ ಹತ್ರ ಹೋಗಿ ಉರ್ಕೊಳ್ಳಲಿ?"

ಅಕ್ಕನಿಗೆ ಇದು ಹೊಸ ಸುದ್ದಿ. ತನ್ನ ಮೇಲೂ ಯಾರಾದರೂ ಕರುಬಬಹುದು ಎಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ತಂಗಿ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡಳು.

ಆಮೇಲೆ ಕೆಲವು ದಿನ ಅವಳು ಊಟಕ್ಕೂ ಕೆಳಗೆ ಬರಲಿಲ್ಲ. ಭಾವ ಎರಡು ಹೊತ್ತೂ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಇಳಿದರು. "ನಾನೇನು ಎರಡು ದೇಶದ ನಡುವಿನ ರಾಯಭಾರಿಯಾ? ಮಂಡಿ ಹೋಯ್ತು ಕಣ್ರೇ, ಸಂಧಾನ ಮಾಡ್ಕೊಳ್ಳಿ!" ಎಂದು ಮೆಟ್ಟಿಲ ಮಧ್ಯೆ ಕೂತು ಗೋಗರೆದರಂತೆ. ಇಬ್ಬರೂ ನಗಲಿಲ್ಲ.

ಆ ಭಾನುವಾರದ ಮರುದಿನವೇ ದೊಡ್ಡ ಟೀಚರ್ ಹೆಡ್ ಮೇಡಂ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ್ದರು. ಹೆಡ್ ಮೇಡಂ, "ಪಾಠ ವಾಪಸು ತರ್ತೀನಿ. ಶನಿವಾರ ಮಕ್ಕಳು ಆ ಜಾಗಕ್ಕೂ ಹೋಗ್ತಾರೆ. ನೀವೂ ಹೋಗ್ತೀರಿ, ನೀರಿನ ಕ್ಯಾನ್ ನೋಡ್ಕೊಳ್ಳೋದಕ್ಕೆ. ಪಾಠ ಅವರದು. ನೀವು ಬಾಯಿ ತೆಗೆಯೋ ಹಾಗಿಲ್ಲ," ಅಂದರು.

ಶನಿವಾರ ನಾನೂ ಜೊತೆಗಿದ್ದೆ. ಶೆಡ್ಡುಗಳು ಎಂದೋ ಬಿದ್ದುಹೋಗಿ, ಆ ಜಾಗ ಈಗ ಪುರಸಭೆಯ ಉಗ್ರಾಣ. ಮುರಿದ ಬೀದಿದೀಪದ ಕಂಬಗಳು, ಚಕ್ರವಿಲ್ಲದ ಕಸದ ಗಾಡಿಗಳು. ನೆಲದಲ್ಲಿ ಮಾತ್ರ ಹಳೆಯ ಕಲ್ಲಿನ ಅಡಿಪಾಯ ಉದ್ದಕ್ಕೆ ಕಾಣುತ್ತಿತ್ತು. ಚಿಕ್ಕ ಟೀಚರ್ ಮಕ್ಕಳನ್ನು ಅದರೊಳಗೆ ಒತ್ತೊತ್ತಾಗಿ ಕೂರಿಸಿದಳು. ಮಾತು ಶುರು ಮಾಡಿದಳು. ಆದರೆ ಬಯಲು, ಗಾಳಿ, ಪಕ್ಕದ ರಸ್ತೆಯಲ್ಲಿ ಲಾರಿಗಳು. ಹಿಂದಿನ ಸಾಲಿಗೆ ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ. ಹುಡುಗರು ಒಬ್ಬರನ್ನೊಬ್ಬರು ತಳ್ಳಾಡತೊಡಗಿದರು. ಅವಳು ಗಂಟಲು ಹರಿದುಕೊಂಡಳು. ದನಿ ಕೀರಲಾಯಿತು, ಯಾರೋ ನಕ್ಕರು.

ದೊಡ್ಡ ಟೀಚರ್ ಕ್ಯಾನಿನ ಪಕ್ಕ ಕೈಕಟ್ಟಿ ನಿಂತಿದ್ದರು. ಅವರ ಮುಖ ನೋಡಿದೆ. ತಂಗಿ ಸೋಲುವುದನ್ನು ನೋಡುವ ಸಂತೋಷ ಅದರಲ್ಲಿ ಸ್ವಲ್ಪ ಇತ್ತು, ಇಲ್ಲ ಅನ್ನಲಾರೆ. ಅಷ್ಟರಲ್ಲಿ ತಂಗಿ ಅವರ ಕಡೆ ನೋಡಿದಳು. ವಾರದಲ್ಲಿ ಮೊದಲ ಸಲ.

ದೊಡ್ಡ ಟೀಚರ್ ಕ್ಯಾನ್ ಬಿಟ್ಟು ಹೋಗಿ ಮಕ್ಕಳ ಸಾಲುಗಳ ನಡುವೆ ನಿಂತರು. "ನೀನು ಹೇಳು. ನಾನು ಹಿಂದಿನವರಿಗೆ ದಾಟಿಸ್ತೀನಿ," ಅಂದರು.

ತಂಗಿ ಒಂದು ವಾಕ್ಯ ಹೇಳುವಳು. ಅಕ್ಕ ಅದನ್ನೇ, ಒಂದು ಪದವೂ ಹೆಚ್ಚುಕಡಿಮೆ ಮಾಡದೆ, ಆ ತುಂಬು ಕಂಠದಲ್ಲಿ ಹಿಂದಕ್ಕೆ ಕೂಗುವರು. "ಒಳಗೆ ಮಕ್ಕಳು. ಬೇಲಿ ಆಚೆ ತಾಯಂದಿರು." "ಹತ್ತಿರ ಬಿಡ್ತಿರಲಿಲ್ಲ." "ಸಂಜೆ ತಾಯಂದಿರು ಬೇಲಿ ಹತ್ರ ನಿಂತು ಮಕ್ಕಳ ಹೆಸರು ಕೂಗ್ತಿದ್ರು." "ಒಳಗಿಂದ 'ಇದ್ದೀನಿ' ಅಂತ ದನಿ ಬಂದ್ರೆ ಮನೆಗೆ ಹೋಗಿ ನಾಳೆ ಮತ್ತೆ ಬರ್ತಿದ್ರು." ಅಲ್ಲಿಗೆ ಬಂದಾಗ ದೊಡ್ಡ ಟೀಚರ್ ದನಿ ಒಡೆಯಿತು. ಇದು ಅವರಿಗೂ ಗೊತ್ತಿರದ ವಿಷಯ. ಇಷ್ಟು ವರ್ಷ ಕಥೆ ಹೇಳಿದವರು ಆ ಕಥೆಯ ಜನರನ್ನು ಅವತ್ತು ಮೊದಲು ಕಂಡರು ಎಂದು ನನ್ನ ಲೆಕ್ಕ. ತಂಗಿ ಕಾದಳು. ಅಕ್ಕ ಗಂಟಲು ಸರಿಮಾಡಿಕೊಂಡು ವಾಕ್ಯ ಮುಗಿಸಿದರು. ತಳ್ಳಾಡುತ್ತಿದ್ದ ಹುಡುಗರು ಕಲ್ಲಿನ ಹಾಗೆ ಕೂತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಮಕ್ಕಳೆಲ್ಲ ಚಿಕ್ಕ ಟೀಚರನ್ನೇ ಸುತ್ತುವರಿದರು. ದೊಡ್ಡ ಟೀಚರ್ ಡ್ರೈವರ್ ಹಿಂದಿನ ಸೀಟಿನಲ್ಲಿ ಖಾಲಿ ಕ್ಯಾನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ನೋಡಿ ಮೇಷ್ಟ್ರೇ, ಕೂಗಿದ್ದು ನಾನು," ಎಂದು ಗೊಣಗಿದರು. ಆದರೂ ಇಳಿಯುವಾಗ ತಂಗಿಯ ಚೀಲವನ್ನು ತಾವೇ ಎತ್ತಿಕೊಂಡರು. ಅವತ್ತು ಭಾವನ ಮಂಡಿಗೆ ರಜೆ ಸಿಕ್ಕಿತು.

ಸಿ ಸೆಕ್ಷನ್ನಿಗೆ ದೊಡ್ಡ ಟೀಚರ್ ಕಥೆ ಹೇಳುವ ಮೊದಲು ತಂಗಿಯನ್ನು ಕರೆದು ಇತಿಹಾಸ ಹೇಳಿಸಿದರು. ಅಲ್ಲೂ ಯಾರೂ ಕಿರುಚಲಿಲ್ಲ. ಆ ಬೇಸರ ಅವರಿಗೆ ಹೋಗಲೂ ಇಲ್ಲ. "ಒಂದೇ ಒಂದು ಸಲ ಕಿರುಚಿದ್ರೆ ಏನು ಹೋಗ್ತಿತ್ತು ಇವರ ಗಂಟು?" ಅಂದದ್ದನ್ನು ನಾನು ಕೇಳಿದ್ದೇನೆ.

ಆದರೆ ಬಿಡುವಿನ ಪೀರಿಯಡ್‌ಗಳಲ್ಲಿ ಅವರು ತಂಗಿಯ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕೂರತೊಡಗಿದರು. ಸುಮ್ಮನೆ ಕೂರುವವರಾಗಿದ್ದರೆ ಪರವಾಗಿರಲಿಲ್ಲ. ರಾಜರ ಕಾಲದ ಕಂದಾಯದ ಪಾಠ ನಡೆಯುತ್ತಿರುವಾಗ ಪಕ್ಕದ ಹುಡುಗಿಯರ ಜೊತೆ ಪಿಸುಪಿಸು, ನಡುವೆ ಕೈ ಎತ್ತಿ ಪ್ರಶ್ನೆ, ಉತ್ತರ ಹಿಡಿಸದಿದ್ದರೆ ಮರುಪ್ರಶ್ನೆ. ಒಂದು ದಿನ ಚಿಕ್ಕ ಟೀಚರ್ ತಾಳ್ಮೆಗೆಟ್ಟು, "ಕೊನೆ ಬೆಂಚು! ಮಾತಾಡೋದಾದ್ರೆ ಎದ್ದು ಹೊರಗೆ ನಡೀರಿ," ಅಂದುಬಿಟ್ಟಳು. ದೊಡ್ಡ ಟೀಚರ್ ಎದ್ದು, ಸೆರಗು ಸರಿಮಾಡಿಕೊಂಡು, ಹೊರಗೆ ಹೋಗಿ ಕಿಟಕಿಯ ಪಕ್ಕ ನಿಂತರು.

ಅದೇ ಹೊತ್ತಿಗೆ ಹೆಡ್ ಮೇಡಂ ಆ ಕಡೆ ಬಂದರು. "ಇದೇನು, ಇಲ್ಲಿ ನಿಂತಿದ್ದೀರಿ?"

"ಟೀಚರ್ ಹೊರಗೆ ಹಾಕಿದ್ರು ಮೇಡಂ."

ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಬಂದು ನನ್ನ ಪಕ್ಕ ಧೊಪ್ಪನೆ ಕೂತರು. "ಕಿಟಕಿಯಿಂದಾನೂ ಚೆನ್ನಾಗೇ ಕೇಳಿಸ್ತು. ಪಾಠ ಚೆನ್ನಾಗಿ ಮಾಡ್ತಾಳೆ ಮೇಷ್ಟ್ರೇ," ಅಂದರು. ಕೆಂಪು ಪೆನ್ನಿನ ಮುಚ್ಚಳ ತೆಗೆದು, "ಅದೇ ಕಷ್ಟ," ಎಂದು ತಿದ್ದಬೇಕಾದ ಕಾಪಿಗಳ ರಾಶಿಯನ್ನು ಮುಂದಕ್ಕೆ ಎಳೆದುಕೊಂಡರು.